ಬಸ್ ದರ ಬಡವರ ಕೈಗೆಟಕಲು ಯಾವ ರಿಯಾಯಿತಿ ಕೇಳಬೇಕು? ಹುಬ್ಬಳ್ಳಿ-ಧಾರವಾಡಕ್ಕೆ ಒಂದು ಹೋಲಿಕೆಯ ಮಾರ್ಗದರ್ಶಿ

2025ರ ಜನವರಿ 5ರಿಂದ ರಾಜ್ಯದ ನಾಲ್ಕೂ ಸಾರಿಗೆ ನಿಗಮಗಳ ಬಸ್ ದರ ಶೇ 15ರಷ್ಟು ಏರಿತು. ದರ ಏರಿದಾಗ ಸಂಘ ಸಂಸ್ಥೆಗಳು ಮನವಿ ಬರೆಯುತ್ತವೆ. ಬಹುತೇಕ ಮನವಿಗಳ ಸಾರ ಒಂದೇ ಸಾಲು: ದರ ಇಳಿಸಿ. ಯಾರಿಗೆ ಇಳಿಸಬೇಕು, ಯಾವ ಬಸ್ಸಿನಲ್ಲಿ, ಯಾವ ದಾಖಲೆ ನೋಡಿ, ಕಡಿಮೆಯಾದ ಹಣವನ್ನು ಯಾರು ತುಂಬಬೇಕು ಎಂಬುದು ಅದರಲ್ಲಿ ಇರುವುದಿಲ್ಲ. ಹಾಗಾಗಿ ಕಚೇರಿಯವರಿಗೆ ‘ಪರಿಶೀಲಿಸಲಾಗುವುದು’ ಎಂದು ಬರೆದು ಕಡತ ಮುಚ್ಚುವುದು ಸುಲಭ. ಹಮಾಲರ ಸಂಘ, ಮನೆಗೆಲಸದವರ ಸಂಘ, ಸ್ವಸಹಾಯ ಗುಂಪು, ವಾರ್ಡ್ ಸಮಿತಿ, ಹೀಗೆ ಯಾರೇ ಮನವಿ ಬರೆಯಲು ಕುಳಿತರೂ ಮೊದಲು ಆಯ್ಕೆಗಳನ್ನು ತೂಗಿ ನೋಡಲಿ ಎಂಬ ಆಸೆಯಿಂದ ಇದನ್ನು ಬರೆಯುತ್ತಿದ್ದೇನೆ.

ತೂಗುವುದಕ್ಕೆ ಹಳೇ ಹುಬ್ಬಳ್ಳಿಯ ಒಂದು ಮನೆಯನ್ನು ಇಟ್ಟುಕೊಳ್ಳೋಣ. ಮನೆ ಕಲ್ಪಿತ, ಆದರೆ ಇಂಥ ಮನೆ ಓಣಿಗೊಂದು ಸಿಗುತ್ತದೆ. ಯಜಮಾನರು ಅಮರಗೋಳದ ಎಪಿಎಂಸಿಯಲ್ಲಿ ಹಮಾಲಿ ಮಾಡುತ್ತಾರೆ. ಮನೆಯಾಕೆ ವಿದ್ಯಾನಗರದ ಮೂರು ಮನೆಗಳಲ್ಲಿ ಪಾತ್ರೆ, ಬಟ್ಟೆ ತೊಳೆಯುತ್ತಾರೆ. ಮಗ ಧಾರವಾಡದಲ್ಲಿ ಪದವಿ ಓದುತ್ತಾನೆ. ಅರವತ್ತೆಂಟು ವರ್ಷದ ಅಜ್ಜನನ್ನು ಆಗಾಗ ಸತ್ತೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಹಮಾಲಿಗೆ ಹೋಗುವಾಗ ಎರಡು ಬಸ್, ಬರುವಾಗ ಎರಡು ಬಸ್. ಲೆಕ್ಕ ಸುಲಭವಾಗಲೆಂದು ಬಸ್ಸಿಗೆ 15 ರೂಪಾಯಿ ಎಂದಿಟ್ಟುಕೊಂಡರೆ ದಿನಕ್ಕೆ 60 ರೂಪಾಯಿ. 2025-26ನೇ ಸಾಲಿಗೆ ಕರ್ನಾಟಕದಲ್ಲಿ ಉದ್ಯೋಗ ಖಾತರಿಯ ದಿನಗೂಲಿ 370 ರೂಪಾಯಿ. ಅಷ್ಟೇ ಕೂಲಿ ಸಿಕ್ಕ ದಿನ ಆರನೇ ಒಂದು ಭಾಗ ಬಸ್ಸಿಗೇ ಹೋಯಿತು. ಗಾಡಿ ಬಾರದೆ ಕೆಲಸ ಸಿಗದ ದಿನವೂ ಬಸ್ಸಿನ ಖರ್ಚು ತಪ್ಪದು, ಏಕೆಂದರೆ ಕೆಲಸ ಇದೆಯೋ ಇಲ್ಲವೋ ಎಂಬುದು ಯಾರ್ಡಿಗೆ ಹೋದ ಮೇಲೆಯೇ ಗೊತ್ತಾಗುವುದು.

ನನ್ನ ಅಳತೆಗೋಲನ್ನು ಮೊದಲೇ ಹೇಳಿಬಿಡುತ್ತೇನೆ. ಶೇಕಡಾ ಎಷ್ಟು ರಿಯಾಯಿತಿ ಎಂಬುದನ್ನು ಆಮೇಲೆ ನೋಡಬಹುದು. ಆ ರಿಯಾಯಿತಿ ಪಡೆಯಲು ಮುಂಗಡ ಹಣ ಎಷ್ಟು ಕಟ್ಟಬೇಕು, ಕಾಗದಪತ್ರಕ್ಕಾಗಿ ಎಷ್ಟು ದಿನದ ಕೂಲಿ ಕಳೆದುಕೊಳ್ಳಬೇಕು ಎಂಬುದನ್ನು ಮೊದಲು ಕೇಳಬೇಕು. ದುಡಿದ ಹಣ ದಿನದಿನವೂ ಚಿಲ್ಲರೆಯಾಗಿ ಕೈಗೆ ಬರುವವರಿಗೆ ಈ ಎರಡು ಪ್ರಶ್ನೆಗಳೇ ದೊಡ್ಡವು.

ಶಕ್ತಿ: ಇದ್ದುದನ್ನು ಉಳಿಸಿ, ಬೆಳೆಸುವುದು

ಮಹಿಳೆಯರಿಗೆ ಉಚಿತ ಬಸ್ ಪ್ರಯಾಣ ಕೊಡಲು 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ಈ ಅಳತೆಗೋಲಿನಲ್ಲಿ ಎಲ್ಲಕ್ಕಿಂತ ಮುಂದಿದೆ. ರಾಜ್ಯದ ನಿವಾಸಿ ಎಂದು ತೋರಿಸುವ ಆಧಾರ್‌ನಂಥ ಗುರುತಿನ ಚೀಟಿ ಸಾಕು. ನಿರ್ವಾಹಕರು ಶೂನ್ಯ ಟಿಕೆಟ್ ಹರಿದು ಕೊಡುತ್ತಾರೆ, ಆ ಟಿಕೆಟ್ಟಿನ ಮೌಲ್ಯವನ್ನು ಸರ್ಕಾರ ನಿಗಮಕ್ಕೆ ತುಂಬಿಕೊಡಬೇಕು. ಅರ್ಜಿ ಇಲ್ಲ, ಶುಲ್ಕ ಇಲ್ಲ, ನವೀಕರಣ ಇಲ್ಲ. ಲೈಂಗಿಕ ಅಲ್ಪಸಂಖ್ಯಾತರೂ ಇದರೊಳಗಿದ್ದಾರೆ. ಬ್ಯಾಡಗಿಯ ಮೆಣಸಿನಕಾಯಿ ಹಂಗಾಮಿನಲ್ಲಿ ತೊಟ್ಟು ಬಿಡಿಸುವ ಕೆಲಸಕ್ಕೆ ಸುತ್ತಲಿನ ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳನ್ನು ನೆನೆಯಿರಿ. ಕೆಲಸ ಇರುವುದು ಕೆಲವು ತಿಂಗಳು, ಅದೂ ಮಾಲು ಬಂದ ದಿನ. ಅವರಿಗೆ ತಿಂಗಳ ಪಾಸ್ ಯಾವ ಉಪಯೋಗಕ್ಕೂ ಬರುವುದಿಲ್ಲ. ಶೂನ್ಯ ಟಿಕೆಟ್ ಮಾತ್ರ ಹೋದ ದಿನ ಹೋದಷ್ಟು ದೂರಕ್ಕೆ ಸಿಗುತ್ತದೆ. ಶ್ರೀಮಂತ ಮಹಿಳೆಗೂ ಉಚಿತವೇಕೆ ಎಂದು ಕೇಳುವವರಿದ್ದಾರೆ. ನಿಂತುಕೊಂಡು ಹೋಗಬೇಕಾದ ಸಾಮಾನ್ಯ ಬಸ್ಸಿಗೆ ಬರುವವರು ಯಾರು ಎಂದು ಸಂಜೆ ಆರು ಗಂಟೆಗೆ ಹುಬ್ಬಳ್ಳಿಯ ನಗರ ಬಸ್ ನಿಲ್ದಾಣವಾದ ಸಿಬಿಟಿಯಲ್ಲಿ ನಿಂತು ನೋಡಿದರೆ ಆ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಆದರೆ ಶಕ್ತಿಗೆ ಎರಡು ಕೊರತೆಗಳಿವೆ. ಒಂದನೆಯದು ಅವಳಿ ನಗರಕ್ಕೇ ವಿಶೇಷವಾದದ್ದು. ಯೋಜನೆ ನಗರ, ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಸೀಮಿತ, ಹವಾನಿಯಂತ್ರಿತ ಬಸ್ಸುಗಳು ಅದರ ಹೊರಗೆ. ಹುಬ್ಬಳ್ಳಿ-ಧಾರವಾಡದ ನಡುವೆ ಪ್ರತ್ಯೇಕ ಪಥದಲ್ಲಿ ಓಡುವ ತ್ವರಿತ ಬಸ್ ಸಾರಿಗೆಯ (ಬಿಆರ್‌ಟಿಎಸ್) ನಮ್ಮ ಚಿಗರಿ ಹವಾನಿಯಂತ್ರಿತ ಬಸ್. 2018ರಲ್ಲಿ ಓಡಲು ಆರಂಭಿಸಿ 2020ರ ಫೆಬ್ರುವರಿಯಲ್ಲಿ ವಿಧ್ಯುಕ್ತವಾಗಿ ಉದ್ಘಾಟನೆಯಾದ ಈ ಬಿಆರ್‌ಟಿಎಸ್‌ಗೆ ಸುಮಾರು 22 ಕಿಲೋಮೀಟರ್ ಉದ್ದದ ಪ್ರತ್ಯೇಕ ಪಥವನ್ನು ಸಾರ್ವಜನಿಕ ಹಣದಲ್ಲಿ ಕಟ್ಟಲಾಗಿದೆ. ಪಥಕ್ಕಾಗಿ ರಸ್ತೆ ಅಗಲವಾಯಿತು, ಅಂಗಡಿ ಮನೆಗಳು ಹೋದವು. ಹಾಗೆ ಕಟ್ಟಿದ ಊರಿನ ಅತಿ ವೇಗದ ಬಸ್ಸಿನಲ್ಲಿ ಶೂನ್ಯ ಟಿಕೆಟ್ ನಡೆಯುವುದಿಲ್ಲ. ವಿದ್ಯಾನಗರದಲ್ಲಿ ಕೆಲಸ ಮುಗಿಸಿದ ನಮ್ಮ ಮನೆಯಾಕೆ ಕಣ್ಣೆದುರೇ ಹಾದುಹೋಗುವ ಚಿಗರಿಗಳನ್ನು ಬಿಟ್ಟು ಸಾಮಾನ್ಯ ಬಸ್ಸಿಗೆ ಕಾಯಬೇಕು. ಹಣ ಉಳಿಯಿತು, ಸಮಯ ಹೋಯಿತು. ಮೂರು ಮನೆಯ ಕೆಲಸ ಮಾಡುವವರಿಗೆ ಸಮಯವೂ ಕೂಲಿಯೇ. ದೆಹಲಿಯಲ್ಲಿ 2019ರ ಅಕ್ಟೋಬರ್ 29ರಂದು ಮಹಿಳೆಯರಿಗೆ ಉಚಿತ ಪ್ರಯಾಣ ಆರಂಭಿಸಿದಾಗ ಎಸಿ ಬಸ್ಸುಗಳನ್ನೂ ಸೇರಿಸಲಾಗಿತ್ತು. ಆದ್ದರಿಂದ ಇದು ಆಗದ ಮಾತಲ್ಲ. ಐಷಾರಾಮಕ್ಕೆಂದು ಓಡುವ ಐರಾವತವನ್ನೂ ನಗರದ ನಿತ್ಯದ ಸಾರಿಗೆಯಾದ ಚಿಗರಿಯನ್ನೂ ‘ಎಸಿ’ ಎಂಬ ಒಂದೇ ಕಾರಣಕ್ಕೆ ಒಂದೇ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ. ಪೂರ್ತಿ ಉಚಿತ ಸಾಧ್ಯವಿಲ್ಲವೆಂದರೆ, ಸಾಮಾನ್ಯ ಬಸ್ಸಿನ ದರವನ್ನು ಸರ್ಕಾರ ಭರಿಸಿ, ಚಿಗರಿಯ ಹೆಚ್ಚುವರಿ ಮೊತ್ತವನ್ನಷ್ಟೇ ಪ್ರಯಾಣಿಕರಿಂದ ಪಡೆಯುವ ದಾರಿ ಇದೆ.

ಎರಡನೆಯ ಕೊರತೆ ಎಲ್ಲರಿಗೂ ಗೊತ್ತಿರುವುದೇ. ಹಮಾಲಿಗೂ ಅಜ್ಜನಿಗೂ ಶಕ್ತಿಯಲ್ಲಿ ಏನೂ ಇಲ್ಲ, ಶೇ 15ರ ಏರಿಕೆ ಪೂರ್ತಿ ಬಿದ್ದದ್ದು ಅವರ ತಲೆಯ ಮೇಲೆ. ಇದನ್ನು ಹೇಳುವಾಗ ‘ಹೆಂಗಸರಿಗೆ ಕೊಟ್ಟದ್ದರಿಂದ ಗಂಡಸರಿಗೆ ಹೊರೆಯಾಯಿತು’ ಎಂದು ದಯವಿಟ್ಟು ಮನವಿಯಲ್ಲಿ ಬರೆಯಬೇಡಿ. ಮನೆಯಾಕೆಗೆ ಉಳಿದ ಹಣ ಅದೇ ಮನೆಯ ಒಲೆಗೆ ಹೋಗುತ್ತದೆ. ಕೇಳಬೇಕಾದದ್ದು ಇನ್ನೊಬ್ಬರ ಪಾಲನ್ನು ಕಸಿಯುವುದನ್ನಲ್ಲ.

ಆದಾಯ ನೋಡಿ ಕೊಡುವ ರಿಯಾಯಿತಿ

ಬಡವರಿಗೆ ಮಾತ್ರ ಕೊಡಿ, ಗಂಡು ಹೆಣ್ಣು ಎಂಬ ಭೇದ ಬೇಡ ಎಂಬುದು ಕೇಳಲು ಬಹಳ ನ್ಯಾಯವಾಗಿರುವ ಮಾತು. ಅಮೆರಿಕದ ಸಿಯಾಟಲ್ ನಗರದಲ್ಲಿ 2015ರ ಮಾರ್ಚ್‌ನಲ್ಲಿ ಇಂಥ ಕಾರ್ಡ್ ಬಂದಿತು. ಬಡತನ ರೇಖೆಯ ಎರಡು ಪಟ್ಟಿಗಿಂತ ಕಡಿಮೆ ಆದಾಯದವರಿಗೆ ಅಲ್ಲಿ ದರ ಕಡಿಮೆ. ನ್ಯೂಯಾರ್ಕ್‌ನಲ್ಲಿ 2019ರಿಂದ ಬಡವರಿಗೆ ಅರ್ಧ ದರದ ಯೋಜನೆ ಇದೆ. ಬಾಸ್ಟನ್ನಿನಲ್ಲಿ ನಡೆದ ಒಂದು ಅಧ್ಯಯನದಲ್ಲಿ ಅರ್ಧ ದರ ಸಿಕ್ಕ ಬಡ ಪ್ರಯಾಣಿಕರು ಸುಮಾರು ಶೇ 30ರಷ್ಟು ಹೆಚ್ಚು ಪ್ರಯಾಣ ಮಾಡಿದರು, ಅದರಲ್ಲೂ ಆಸ್ಪತ್ರೆಗೆ ಹೆಚ್ಚಾಗಿ ಹೋದರು. ಹಣವಿಲ್ಲದೆ ಮನೆಯಲ್ಲೇ ಉಳಿದಿದ್ದ ಪ್ರಯಾಣಗಳು ಅವು. ನಮ್ಮ ಅಜ್ಜ ಆಸ್ಪತ್ರೆಯನ್ನು ಮುಂದಿನ ತಿಂಗಳಿಗೆ ದೂಡುವುದೂ ಇದೇ ಕಾರಣಕ್ಕೆ.

ನಮ್ಮಲ್ಲಿ ಇದಕ್ಕೆ ಸಿದ್ಧವಾಗಿರುವ ದಾಖಲೆ ಬಿಪಿಎಲ್ ಪಡಿತರ ಚೀಟಿ. ಆದರೆ ಆದಾಯದ ಮಿತಿ ಹಾಕಿದ ಯೋಜನೆ ಹೇಗೆ ಸೊರಗುತ್ತದೆ ಎಂಬುದಕ್ಕೆ ರೈಲ್ವೆಯ ‘ಇಜ್ಜತ್’ ಸೀಸನ್ ಟಿಕೆಟ್ ನೋಡಬೇಕು. 2009ರಲ್ಲಿ ಬಂದ ಈ ಯೋಜನೆಯಲ್ಲಿ ಅಸಂಘಟಿತ ವಲಯದ ಕಾರ್ಮಿಕರಿಗೆ ಕೇವಲ 25 ರೂಪಾಯಿಗೆ ತಿಂಗಳಿಡೀ 100 ಕಿಲೋಮೀಟರ್‌ವರೆಗಿನ ಪ್ರಯಾಣ, ಮುಂದೆ ಅದು 150 ಕಿಲೋಮೀಟರ್ ಆಯಿತು. ಗದಗಿನಿಂದ ಹುಬ್ಬಳ್ಳಿಗೆ ದುಡಿಯಲು ಬರುವವರಿಗೆ ಇದಕ್ಕಿಂತ ಅಗ್ಗದ ಟಿಕೆಟ್ ಇನ್ನೇನು ಬೇಕು? ಆದರೆ ಷರತ್ತು: ತಿಂಗಳ ಆದಾಯ 1,500 ರೂಪಾಯಿ ಮೀರಬಾರದು, ಅದಕ್ಕೆ ಪ್ರಮಾಣಪತ್ರ ಬೇಕು. ಇಂದಿನ ದಿನಗೂಲಿಯಲ್ಲಿ ಐದು ದಿನ ದುಡಿದರೆ ಆ ಮಿತಿ ದಾಟುತ್ತದೆ. ಟಿಕೆಟ್ಟಿನ ದರ ಅಗ್ಗವಾಗಿ ಉಳಿದರೂ ಅದನ್ನು ಕೊಳ್ಳುವ ಅರ್ಹತೆ ಯಾರಿಗೂ ಉಳಿಯುವುದಿಲ್ಲ. ರೂಪಾಯಿಯಲ್ಲಿ ಕಟ್ಟಿದ ಮಿತಿ ಬೆಲೆ ಏರಿದಂತೆ ತಾನಾಗಿ ಬಡವರನ್ನು ಹೊರಗೆ ತಳ್ಳುತ್ತದೆ.

ಇನ್ನೊಂದು ತೊಡಕು ಬಸ್ಸಿನೊಳಗಿನದು. ತುಂಬಿದ ಬಸ್ಸಿನಲ್ಲಿ ‘ಬಿಪಿಎಲ್ ಒಂದು’ ಎಂದು ಕೂಗಿ ಟಿಕೆಟ್ ಕೇಳಲು ಎಷ್ಟೋ ಜನ ಸಂಕೋಚಪಡುತ್ತಾರೆ. ಪಡಿತರ ಚೀಟಿ ಮನೆಗೊಂದು, ಪ್ರಯಾಣಿಕರು ನಾಲ್ಕು ಜನ, ಬೆಳಿಗ್ಗೆ ಹೊರಡುವ ದಿಕ್ಕು ನಾಲ್ಕು. ಬೇರೆ ರಾಜ್ಯದಿಂದ ಕಟ್ಟಡ ಕೆಲಸಕ್ಕೆ ಬಂದವರ ಬಳಿ ಇಲ್ಲಿನ ಚೀಟಿಯೇ ಇಲ್ಲ. ಆದ್ದರಿಂದ ಈ ಆಯ್ಕೆಯನ್ನು ಕೇಳುವುದಾದರೆ ಎರಡು ಮಾತು ಬಿಡದೆ ಸೇರಿಸಿ. ಚಾಲ್ತಿಯಲ್ಲಿರುವ ಚೀಟಿಯಿಂದಲೇ ಅರ್ಹತೆ ತೀರ್ಮಾನವಾಗಲಿ, ಹೊಸ ಆದಾಯ ಪ್ರಮಾಣಪತ್ರ ಕೇಳಬಾರದು. ಮತ್ತು ಮನೆಯ ಪ್ರತಿಯೊಬ್ಬರಿಗೂ ಉಳಿದ ಪ್ರಯಾಣಿಕರ ಕಾರ್ಡಿನಂತೆಯೇ ಕಾಣುವ, ‘ಬಡವರು’ ಎಂಬ ಗುರುತಿಲ್ಲದ ಕಾರ್ಡ್ ಸಿಗಲಿ.

ಪಾಸ್ ಯಾರಿಗೆ ಒಗ್ಗುತ್ತದೆ

ಮಗನಿಗೆ ಖಂಡಿತ ಒಗ್ಗುತ್ತದೆ. ಇತ್ತೀಚಿನ ಶೈಕ್ಷಣಿಕ ವರ್ಷಗಳಲ್ಲಿ ಪದವಿ ವಿದ್ಯಾರ್ಥಿಯ ರಿಯಾಯಿತಿ ಪಾಸಿಗೆ ಹತ್ತು ತಿಂಗಳಿಗೆ 1,050 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 150 ರೂಪಾಯಿ. ಅರ್ಜಿ ಸೇವಾ ಸಿಂಧು ಪೋರ್ಟಲ್ ಮೂಲಕ. ದಾರಿ ನಿಗದಿ, ದಿನ ನಿಗದಿ, ವರ್ಷಕ್ಕೊಮ್ಮೆ ಅರ್ಜಿ, ಹೀಗಾಗಿ ಪಾಸ್ ಅವನಿಗೆ ಹೇಳಿ ಮಾಡಿಸಿದಂತಿದೆ. ಅಂಗವಿಕಲರಿಗೆ ವರ್ಷಕ್ಕೆ 660 ರೂಪಾಯಿಯ ಪಾಸಿನಲ್ಲಿ ವಾಸಸ್ಥಳದಿಂದ 100 ಕಿಲೋಮೀಟರ್‌ವರೆಗೆ ಓಡಾಡಬಹುದು. ಅಜ್ಜನಿಗೆ ಪಾಸ್ ಬೇಡವೇ ಬೇಡ, ಅರವತ್ತು ದಾಟಿದವರಿಗೆ ಟಿಕೆಟ್ಟಿನಲ್ಲೇ ಶೇ 25 ರಿಯಾಯಿತಿ ಇದೆ, ವಯಸ್ಸಿನ ಗುರುತಿನ ಚೀಟಿ ಜೇಬಿನಲ್ಲಿದ್ದರೆ ಸಾಕು. ಇವೆಲ್ಲ ಈಗಾಗಲೇ ಇರುವ ಸೌಲಭ್ಯಗಳು. ಮನವಿ ಬರೆಯುವ ಮೊದಲು ನಿಮ್ಮ ಓಣಿಯಲ್ಲಿ ಇವುಗಳನ್ನು ಪಡೆಯದೆ ಉಳಿದವರು ಎಷ್ಟು ಜನ ಎಂದು ವಿಚಾರಿಸಿ. ಅಜ್ಜಂದಿರಲ್ಲಿ ಬಹಳ ಜನ ಪೂರ್ತಿ ದರ ಕೊಟ್ಟೇ ಹೋಗುತ್ತಾರೆ.

ಹಮಾಲಿಯ ಲೆಕ್ಕವೇ ಬೇರೆ. ತಿಂಗಳ ಪಾಸ್ 1,200 ರೂಪಾಯಿ ಎಂದುಕೊಳ್ಳಿ. ಇಪ್ಪತ್ತಾರು ದಿನ ಕೆಲಸವಿದ್ದರೆ ಬಿಡಿ ಟಿಕೆಟ್ಟಿಗೆ 1,560 ರೂಪಾಯಿ ಆಗುತ್ತಿತ್ತು, ಪಾಸಿನಿಂದ 360 ಉಳಿಯಿತು. ಮಳೆ ಬಂದು ಮಾಲು ನಿಂತು ಹದಿನಾರೇ ದಿನ ಹೋದರೆ ಬಿಡಿ ಟಿಕೆಟ್ಟಿಗೆ 960, ಪಾಸಿನಿಂದ 240 ನಷ್ಟ. ಹೆಚ್ಚು ದುಡಿದ ತಿಂಗಳು ಲಾಭ, ಕೆಲಸವಿಲ್ಲದ ತಿಂಗಳು ನಷ್ಟ. ಬಡವರಿಗೆ ಬೇಕಾದ್ದು ಇದರ ತಿರುವುಮುರುವು. ಅದಕ್ಕೂ ಮಿಗಿಲಾಗಿ, ತಿಂಗಳ ಮೊದಲ ದಿನ 1,200 ರೂಪಾಯಿ ಒಟ್ಟಿಗೆ ಎಲ್ಲಿಂದ ತರಬೇಕು? ಬಡ್ಡಿಗೆ ತಂದರೆ ಉಳಿತಾಯವೆಲ್ಲ ಬಡ್ಡಿಗೇ ಸರಿಹೋಗುತ್ತದೆ. ಕೈಯಲ್ಲಿ ಹಣವಿದ್ದವರು ಪಾಸ್ ಕೊಂಡು ಕಡಿಮೆ ದರದಲ್ಲಿ ಓಡಾಡುತ್ತಾರೆ, ಇಲ್ಲದವರು ದಿನದಿನ ಪೂರ್ತಿ ದರ ಕೊಡುತ್ತಾರೆ. ಕಾರ್ಮಿಕರಿಗೆ ಪಾಸ್ ದರ ಇಳಿಸಿ ಎಂದು ಕೇಳುವ ಸಂಘಗಳು ಈ ಲೆಕ್ಕವನ್ನು ಸದಸ್ಯರ ಮುಂದೆ ಒಮ್ಮೆ ಹಾಕಿ ನೋಡಲಿ.

ದಿನದ ಗರಿಷ್ಠ ಮಿತಿ, ಬಸ್ ಬದಲಿಸಿದರೂ ಒಂದೇ ಟಿಕೆಟ್

ನನ್ನ ಒಲವು ಇತ್ತ ಕಡೆಗೆ. ಇದರ ಬಗ್ಗೆ ನಮ್ಮಲ್ಲಿ ಚರ್ಚೆ ಕಡಿಮೆ, ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ದಿನಕ್ಕೆ ಎಷ್ಟೇ ಬಸ್ ಹತ್ತಿದರೂ ಒಂದು ಮೊತ್ತಕ್ಕಿಂತ ಹೆಚ್ಚು ವಸೂಲಿ ಮಾಡಬಾರದು ಎಂಬುದು ಗರಿಷ್ಠ ಮಿತಿಯ ತಿರುಳು. ಲಂಡನ್ನಿನ ಆಯ್‌ಸ್ಟರ್ ಕಾರ್ಡಿನಲ್ಲಿ 2005ರಿಂದಲೇ ಇದು ಇದೆ. ಮಿತಿ 40 ರೂಪಾಯಿ ಎಂದಿಟ್ಟರೆ ನಮ್ಮ ಹಮಾಲಿ ಮೊದಲ ಎರಡು ಬಸ್ಸಿಗೆ ಮೂವತ್ತು ಕೊಟ್ಟಿರುತ್ತಾರೆ, ಮೂರನೆಯದಕ್ಕೆ ಹತ್ತು, ನಾಲ್ಕನೆಯದಕ್ಕೆ ಏನೂ ಇಲ್ಲ. ಹದಿನಾರು ದಿನ ಹೋದರೆ 640, ಇಪ್ಪತ್ತಾರು ದಿನ ಹೋದರೆ 1,040. ಎರಡೂ ತಿಂಗಳು ಲಾಭ, ಮುಂಗಡ ಒಂದು ಪೈಸೆಯೂ ಇಲ್ಲ. ಹೋಗದ ದಿನ ಖರ್ಚೂ ಇಲ್ಲ. ಆದಾಯ ಎಷ್ಟು, ಜಾತಿ ಯಾವುದು, ಊರು ಯಾವುದು ಎಂದು ಯಾರೂ ಕೇಳುವುದಿಲ್ಲ. ಆದರೂ ಲಾಭ ತಲುಪುವುದು ಹೆಚ್ಚಾಗಿ ಬಡವರಿಗೇ, ಏಕೆಂದರೆ ದಿನಕ್ಕೆ ನಾಲ್ಕು ಬಸ್ ಹತ್ತುವವರು ಊರಿನ ಅಂಚಿನಲ್ಲಿ ಬಾಡಿಗೆ ಕಡಿಮೆ ಇರುವಲ್ಲಿ ಮನೆ ಮಾಡಿದವರು.

ಬಸ್ ಬದಲಿಸುವ ಟಿಕೆಟ್ ಇದರ ಜೊತೆಯದು. ನಮ್ಮ ಟಿಕೆಟ್ ದರ ಹಂತದ ಲೆಕ್ಕದಲ್ಲಿದೆ. ಮೊದಲ ಹಂತಕ್ಕೆ ಕನಿಷ್ಠ ದರ, ಮುಂದಿನ ಹಂತಗಳಿಗೆ ಸ್ವಲ್ಪ ಸ್ವಲ್ಪವೇ ಏರಿಕೆ. ನೇರ ಬಸ್ಸಿನಲ್ಲಿ ಹೋದವರು ಕನಿಷ್ಠ ದರವನ್ನು ಒಮ್ಮೆ ಕೊಡುತ್ತಾರೆ. ನಡುವೆ ಇಳಿದು ಇನ್ನೊಂದು ಬಸ್ ಹತ್ತಿದವರು ಅದೇ ದೂರಕ್ಕೆ ಎರಡು ಸಲ ಕೊಡುತ್ತಾರೆ. ಹಳೇ ಹುಬ್ಬಳ್ಳಿಯಿಂದ ಅಮರಗೋಳಕ್ಕೆ ನೇರ ಬಸ್ ಇಲ್ಲದಿದ್ದರೆ ಅದು ಪ್ರಯಾಣಿಕರ ತಪ್ಪಲ್ಲ. ಮಾರ್ಗ ಹಾಕಿದವರು ಅವರನ್ನು ಇಳಿಸಿದ್ದಾರೆ, ಇಳಿದದ್ದಕ್ಕೆ ಅವರೇ ಹೆಚ್ಚು ಹಣ ತೆರುತ್ತಿದ್ದಾರೆ! ಬಿಆರ್‌ಟಿಎಸ್ ಮಾದರಿಯ ಸಾರಿಗೆಗೆ ಬಡಾವಣೆಗಳಿಂದ ಜನರನ್ನು ತಂದು ಮುಖ್ಯ ಪಥಕ್ಕೆ ಮುಟ್ಟಿಸುವ ಬಸ್ಸುಗಳು ಜೀವಾಳ. ಹೀಗಿರುವಾಗ ಆ ಬಸ್ಸಿಗೊಂದು, ಚಿಗರಿಗೊಂದು ಎಂದು ಎರಡು ಕನಿಷ್ಠ ದರ ವಸೂಲಿ ಮಾಡುವುದು ಆ ವ್ಯವಸ್ಥೆಯ ಉದ್ದೇಶಕ್ಕೇ ವಿರುದ್ಧ.

ಸ್ಮಾರ್ಟ್ ಕಾರ್ಡ್ ಇಲ್ಲದೆ ಇದೆಲ್ಲ ಹೇಗೆ ಎಂದು ಕೇಳುತ್ತಾರೆ. ಕಾರ್ಡ್ ಇದ್ದರೆ ಲೆಕ್ಕ ತಾನಾಗಿ ಆಗುತ್ತದೆ, ನಿಜ. ಚಿಗರಿ ನಿಲ್ದಾಣಗಳನ್ನು ಕಟ್ಟುವಾಗಲೇ ಗೇಟು, ಕಾರ್ಡುಗಳ ಕಲ್ಪನೆ ಇತ್ತು. ಆದರೆ ಕಾರ್ಡಿಗೆ ಮುಂಗಡ ಹಣ ತುಂಬಿಸಬೇಕಾದರೆ ಪಾಸಿನ ತೊಡಕೇ ಬೇರೆ ರೂಪದಲ್ಲಿ ಮರಳುತ್ತದೆ. ಆದ್ದರಿಂದ ಕಾಗದದ ಟಿಕೆಟ್ಟಿನಲ್ಲೇ ಆಗುವ ದಾರಿಯನ್ನು ಕೇಳಬೇಕು. ನಿರ್ವಾಹಕರ ಯಂತ್ರದಿಂದ ಬರುವ ಟಿಕೆಟ್ಟಿನ ಮೇಲೆ ದಿನಾಂಕ, ಸಮಯ, ಹತ್ತಿದ ಹಂತ, ಕೊಟ್ಟ ಹಣ ಎಲ್ಲವೂ ಅಚ್ಚಾಗಿರುತ್ತದೆ. ಮೂರನೇ ಬಸ್ಸಿನಲ್ಲಿ ಹಿಂದಿನ ಎರಡು ಟಿಕೆಟ್ ತೋರಿಸಿದರೆ, ನಿರ್ವಾಹಕರು ಅವನ್ನು ಪಡೆದು ಉಳಿದ ಹತ್ತು ರೂಪಾಯಿಗೆ ‘ದಿನದ ಟಿಕೆಟ್’ ಕೊಡಬಹುದು. ಬಸ್ ಬದಲಿಸುವವರಿಗೆ ಒಂದೂವರೆ ಗಂಟೆಯೊಳಗಿನ ಟಿಕೆಟ್ ತೋರಿಸಿದರೆ ಕನಿಷ್ಠ ದರ ಬಿಟ್ಟು ಮುಂದಿನ ಹಂತಗಳ ಹಣ ಮಾತ್ರ. ನೂಕುನುಗ್ಗಲಿನಲ್ಲಿ ನಿರ್ವಾಹಕರಿಗೆ ಕೆಲಸ ಹೆಚ್ಚುತ್ತದೆ, ಒಬ್ಬರ ಟಿಕೆಟ್ ಇನ್ನೊಬ್ಬರ ಕೈಗೆ ಹೋಗುವ ಸಾಧ್ಯತೆಯೂ ಇದೆ. ಅದಕ್ಕಾಗಿಯೇ ಮೊದಲು ಒಂದೆರಡು ಮಾರ್ಗಗಳಲ್ಲಿ, ಉದಾಹರಣೆಗೆ ಹಳೇ ಹುಬ್ಬಳ್ಳಿ, ಹೊಸೂರು, ನವನಗರದ ನಡುವೆ, ಕೆಲವು ತಿಂಗಳು ಮಾಡಿ ನೋಡಿ ಎಂದು ಕೇಳುವುದು ಜಾಣತನ. ಇಡೀ ನಿಗಮಕ್ಕೆ ಒಂದೇ ಸಲ ಜಾರಿ ಮಾಡಿ ಎಂದರೆ ‘ಆಗದು’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಎಲ್ಲರಿಗೂ ಉಚಿತ ಮಾಡಿಬಿಟ್ಟರೆ ಎಂಬ ಪ್ರಶ್ನೆಗೆ ಚಿಕ್ಕ ಉತ್ತರ. ಎಸ್ಟೋನಿಯಾದ ಟ್ಯಾಲಿನ್ ನಗರ 2013ರಲ್ಲಿ ತನ್ನ ನಿವಾಸಿಗಳಿಗೆ, ಲಕ್ಸೆಂಬರ್ಗ್ ದೇಶ 2020ರಲ್ಲಿ ಎಲ್ಲರಿಗೂ ಸಾರಿಗೆಯನ್ನು ಉಚಿತ ಮಾಡಿದವು. ಅಲ್ಲಿ ಖಜಾನೆ ದೊಡ್ಡದು, ಟಿಕೆಟ್ ಆದಾಯದ ಪಾಲು ಚಿಕ್ಕದು. ಡೀಸೆಲ್ಲಿಗೂ ಸಂಬಳಕ್ಕೂ ಟಿಕೆಟ್ ಹಣವನ್ನೇ ನೆಚ್ಚಿಕೊಂಡ ನಮ್ಮ ವಾಯವ್ಯ ಕರ್ನಾಟಕ ಸಾರಿಗೆ ನಿಗಮಕ್ಕೆ ಇದನ್ನು ಈಗ ಕೇಳಿದರೆ ಬಸ್ಸುಗಳ ಸಂಖ್ಯೆಯೇ ಇಳಿದೀತು.

ಗದಗ, ಹಾವೇರಿಯ ಹಳ್ಳಿಗಳಲ್ಲಿ

ಅಲ್ಲಿ ಈ ಪಟ್ಟಿಯನ್ನು ಹಾಗೆಯೇ ಒಪ್ಪಿಸಬೇಡಿ. ಊರಿಗೆ ಬೆಳಿಗ್ಗೆ ಒಂದು, ಸಂಜೆ ಒಂದು ಬಸ್ ಬರುವಲ್ಲಿ ದಿನದ ಮಿತಿಗೆ ಅರ್ಥವಿಲ್ಲ. ಬೆಟಗೇರಿಗೆ, ರಾಣೆಬೆನ್ನೂರಿಗೆ ದುಡಿಯಲು ಹೋದವರು ಸಂಜೆಯ ಬಸ್ ತಪ್ಪಿದರೆ ಟಂಟಂ ಹಿಡಿಯಬೇಕು, ಅಲ್ಲಿ ಶೂನ್ಯ ಟಿಕೆಟ್ಟೂ ಇಲ್ಲ, ರಿಯಾಯಿತಿಯೂ ಇಲ್ಲ. ಬಸ್ಸಿನಲ್ಲಿ ಉಳಿಸಿದ ಹಣ ಒಂದೇ ಸಂಜೆ ಹೋಗುತ್ತದೆ. ಇಂಥ ಊರುಗಳ ಮನವಿಯಲ್ಲಿ ಮೊದಲು ಬರಬೇಕಾದದ್ದು ಕೂಲಿ ಬಿಡುವ ಹೊತ್ತಿಗೆ ಹೊಂದುವ ಇನ್ನೊಂದು ಬಸ್. ದರದ ಮಾತು ಎರಡನೆಯದು.

ಅವಳಿ ನಗರಕ್ಕೆ ನಾನು ಹಾಕುವ ಕ್ರಮ ಇದು. ಮೊದಲು ಬಸ್ ಬದಲಿಸುವ ಟಿಕೆಟ್, ಏಕೆಂದರೆ ಅದಕ್ಕೆ ತಗಲುವ ಖರ್ಚು ಕಡಿಮೆ, ನ್ಯಾಯ ಸ್ಪಷ್ಟ. ಅದರ ಬೆನ್ನಿಗೆ ಚಿಗರಿಗೆ ಶಕ್ತಿಯ ವಿಸ್ತರಣೆ, ಇದು ರಾಜ್ಯ ಸರ್ಕಾರದ ಆದೇಶದಿಂದಲೇ ಆಗಬೇಕು. ಆಮೇಲೆ ದಿನದ ಗರಿಷ್ಠ ಮಿತಿ. ಬಿಪಿಎಲ್ ಅರ್ಧ ದರವನ್ನು ಮೇಲೆ ಹೇಳಿದ ಎರಡು ಷರತ್ತುಗಳೊಂದಿಗೆ ಮಾತ್ರ ಕೇಳಿ, ಇಲ್ಲದಿದ್ದರೆ ಕೇಳದಿರುವುದೇ ಮೇಲು. ಯಾವುದನ್ನು ಕೇಳಿದರೂ, ನಿಗಮಕ್ಕೆ ಕಡಿಮೆಯಾಗುವ ಹಣವನ್ನು ಸರ್ಕಾರ ತಿಂಗಳು ತಿಂಗಳು ತುಂಬಿಕೊಡಬೇಕು ಎಂಬ ಸಾಲನ್ನು ಸೇರಿಸಿ. ಬಾಕಿ ಬೆಳೆದರೆ ಮುಂದಿನ ದರ ಏರಿಕೆಗೆ ಅದೇ ಕಾರಣವಾಗುತ್ತದೆ.

ಮನವಿಯನ್ನು ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿರುವ ನಿಗಮದ ಕೇಂದ್ರ ಕಚೇರಿಗೆ ಕೊಡುವಾಗ ಅಂಕಿ ಸಂಖ್ಯೆ ಎಲ್ಲಿಂದ ತರಬೇಕೆಂದು ಚಿಂತಿಸಬೇಡಿ. ಸಂಘದ ಹತ್ತು ಸದಸ್ಯರು ಒಂದು ವಾರ ಹತ್ತಿದ ಎಲ್ಲ ಬಸ್ಸುಗಳ ಟಿಕೆಟ್ಟುಗಳನ್ನು ಎತ್ತಿಡಲಿ, ಶೂನ್ಯ ಟಿಕೆಟ್ಟುಗಳನ್ನೂ ಸೇರಿಸಿ. ಒಬ್ಬೊಬ್ಬರದನ್ನು ಒಂದೊಂದು ಹಾಳೆಗೆ ದಿನದ ಕ್ರಮದಲ್ಲಿ ಅಂಟಿಸಿ, ಪಕ್ಕದಲ್ಲಿ ಆ ದಿನದ ಕೂಲಿ ಬರೆಯಿರಿ. ಟಿಕೆಟ್ಟಿನ ಅಚ್ಚು ಬಿಸಿಲಿಗೆ ಬೇಗ ಮಾಸುತ್ತದೆ, ಆದ್ದರಿಂದ ಅಂಟಿಸಿದ ದಿನವೇ ನೆರಳಚ್ಚು ಪ್ರತಿ ತೆಗೆಸಿಡಿ. ಒಂದು ಪ್ರತಿ ಕಚೇರಿಗೆ, ಒಂದು ನಿಮ್ಮ ಶಾಸಕರಿಗೆ, ಸ್ವೀಕೃತಿಯ ಮೊಹರು ಬಿದ್ದದ್ದು ಸಂಘದ ಕಡತಕ್ಕೆ.